ಆರ್‌ಎಕ್ಸ್ 100: ಕಿಕ್ಕರ್ ಬಿಚ್ಚಿ ಜೋಡಿಸಿದೆ, ಈಗ ಕಿಕ್ ಹಿಡಿಯುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಇದು ಅಪ್ಪ ಓಡಿಸುತ್ತಿದ್ದ 1989ರ ಯಮಹಾ ಆರ್‌ಎಕ್ಸ್ 100. ಕಿಕ್ಕರ್ ಸ್ಪ್ರಿಂಗ್ ತುಂಡಾಗಿ ಕಿಕ್ಕರ್ ಜೋತುಬಿದ್ದಿತ್ತು. ಹಳೆಯ ಟ್ಯೂಬ್ ತುಂಡಿನಿಂದ ಕಟ್ಟಿ ಓಡಿಸುತ್ತಿದ್ದೆ. ಹೋದ ವಾರ ನಾನೇ ಕೈ ಹಾಕಿದೆ. ಗೇರ್ ಆಯಿಲ್ ಇಳಿಸಿ, ಆಯಿಲ್ ಪಂಪಿನ ಪೈಪ್, ಕೇಬಲ್ ಕಳಚಿ, ಬಲಗಡೆ ಕ್ಲಚ್ ಕವರ್ ತೆಗೆದೆ. ಕಿಕ್ಕರ್‌ನ ಶಾಫ್ಟ್ ಹೊರಗೆ ಎಳೆದು ಹೊಸ ಸ್ಪ್ರಿಂಗ್ ಹಾಕಿ, ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಿದೆ.

ಈಗ ಕಿಕ್ಕರ್ ಚೆನ್ನಾಗಿ ವಾಪಸ್ ಬರುತ್ತದೆ. ಆದರೆ ಹತ್ತು ಸಲ ಒತ್ತಿದರೆ ಏಳು ಸಲ ಏನೂ ಹಿಡಿಯದೆ ಸುಮ್ನೆ ಕೆಳಗೆ ಹೋಗುತ್ತದೆ. ಉಳಿದ ಮೂರು ಸಲ ಅರ್ಧದಲ್ಲಿ ಹಿಡಿಯುತ್ತದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿಲ್ಲ. ಈ ಗಾಡಿಯನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ.

ಉತ್ತರ 1:
ಕ್ಲಚ್ ಪ್ಲೇಟ್ ಸವೆದಿರಬಹುದು ಅಲ್ವಾ? ನನ್ನ ಬುಲೆಟ್‌ನಲ್ಲಿ ಕಿಕ್ ಹೀಗೇ ಜಾರುತ್ತಿತ್ತು. ಪ್ಲೇಟ್ ಬದಲಿಸಿದ ಮೇಲೆ ಸರಿಹೋಯಿತು.

ಉತ್ತರ 2:
ಬುಲೆಟ್‌ಗೆ ಆ ಮಾತು ಸರಿ. ಅಲ್ಲಿ ಕಿಕ್‌ನ ಬಲ ಗೇರ್‌ಬಾಕ್ಸಿನಿಂದ ಕ್ಲಚ್ ಪ್ಲೇಟುಗಳ ಮೂಲಕವೇ ಕ್ರ್ಯಾಂಕಿಗೆ, ಅಂದರೆ ಎಂಜಿನ್‌ನ ಮುಖ್ಯ ಶಾಫ್ಟಿಗೆ, ಹೋಗಬೇಕು. ಆರ್‌ಎಕ್ಸ್‌ನಲ್ಲಿ ಕಿಕ್ ಗೇರು ಐಡ್ಲರ್ ಗೇರನ್ನು (ನಡುವಿನ ಗೇರು) ತಿರುಗಿಸುತ್ತದೆ, ಅದು ನೇರವಾಗಿ ಕ್ಲಚ್ಚಿನ ಹೊರಗಿನ ದೊಡ್ಡ ಗೇರನ್ನು ತಿರುಗಿಸುತ್ತದೆ. ಆ ದೊಡ್ಡ ಗೇರು ಯಾವಾಗಲೂ ಕ್ರ್ಯಾಂಕಿಗೆ ಕಚ್ಚಿಕೊಂಡೇ ಇರುತ್ತದೆ. ಪ್ಲೇಟುಗಳ ಕೆಲಸವೇ ಇಲ್ಲ. ಗೇರಿನಲ್ಲಿ ಇದ್ದಾಗಲೂ ಕ್ಲಚ್ ಹಿಡಿದು ಕಿಕ್ ಹೊಡೆಯಬಹುದಲ್ಲ, ಅದಕ್ಕೇ. ಹಾಗಾಗಿ ಪ್ಲೇಟಿಗೆ ಖರ್ಚು ಮಾಡಬೇಡಿ.

ನನ್ನ ಅನುಮಾನ ಪೂರ್ತಿ ಕ್ಲಿಪ್ ಮೇಲೆ. ಕಿಕ್ ಗೇರಿನ ಸುತ್ತ ಉಂಗುರದ ಹಾಗೆ ಒಂದು ತಂತಿ ಕ್ಲಿಪ್ ಇದೆ ನೋಡಿ, ಅದರ ಬಾಲ ಹೊರಗೆ ಚಾಚಿರುತ್ತದೆ. ಶಾಫ್ಟಿನ ಮೇಲೆ ಹಲ್ಲುಗಳು ಸುರುಳಿಯಾಗಿ ಓರೆಯಾಗಿವೆ. ನೀವು ಕಿಕ್ ಒತ್ತಿದಾಗ ಕ್ಲಿಪ್ ಗೇರನ್ನು ಒಂದು ಕ್ಷಣ ತಿರುಗದಂತೆ ತಡೆಯುತ್ತದೆ. ಗೇರ್ ತಿರುಗಲಾಗದೆ ಓರೆ ಹಲ್ಲಿನ ಮೇಲೆ ಪಕ್ಕಕ್ಕೆ ಜಾರಿ ಐಡ್ಲರ್‌ಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಮೇಲೆ ಶಾಫ್ಟ್ ಜೊತೆಗೇ ತಿರುಗುತ್ತದೆ. ನನಗೆ ಈ ಎಂಜಿನ್‌ನಲ್ಲಿ ತುಂಬಾ ಇಷ್ಟವಾದ ಭಾಗ ಇದು. ಒಂದು ಚಿಕ್ಕ ತಂತಿಯ ತಡೆಯಿಂದ ಇಷ್ಟೆಲ್ಲ ನಡೆಯುತ್ತದೆ.

ಆ ಬಾಲ ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಹೊರಕವಚ) ತೋಡಿನೊಳಗೆ ಕೂತಿರಲೇಬೇಕು. ಹೊರಗಿದ್ದರೆ ಕ್ಲಿಪ್ಪೂ ಗೇರಿನ ಜೊತೆ ತಿರುಗುತ್ತದೆ, ಗೇರ್ ಪಕ್ಕಕ್ಕೆ ಜಾರುವುದೇ ಇಲ್ಲ. ಆಗ ನಿಮ್ಮ ಹಾಗೆ ಕಿಕ್ ಖಾಲಿ ಹೋಗುತ್ತದೆ. ಬಾಲ ಸರಿಯಾಗಿದ್ದೂ ಕಿಕ್ ಹಿಡಿಯದಿದ್ದರೆ ಕ್ಲಿಪ್ ಸಡಿಲವಾಗಿರಬಹುದು. ಬಾಲಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆಯಿರಿ. ಸುಮಾರು 1 ಕೆ.ಜಿ. ಹತ್ತಿರ ಬಂದಾಗ ಜಾರಿದರೆ ಸರಿ. ತೀರಾ ಕಡಿಮೆಯಲ್ಲೇ ಜಾರಿದರೆ ಹೊಸದು ಹಾಕಿ. ಪ್ಲೈಯರ್‌ನಲ್ಲಿ ಒತ್ತಿ ಬಿಗಿ ಮಾಡಬೇಡಿ. ನಾನು ಮೊದಲ ಸಲ ಹಾಗೆ ಮಾಡಿದ್ದೆ, ಎರಡು ತಿಂಗಳಿಗೆ ಕ್ಲಿಪ್ ಮುರಿದು ಮತ್ತೆ ಎಲ್ಲ ಬಿಚ್ಚಬೇಕಾಯಿತು.

ಶಾಫ್ಟ್ ಕೂರಿಸುವಾಗ ಮೊದಲು ಬಾಲವನ್ನು ತೋಡಿಗೆ ಸೇರಿಸಿ, ಆಮೇಲೆ ಒಳಗೆ ತಳ್ಳಿ. ಸ್ಪ್ರಿಂಗಿನ ಒಳತುದಿ ಶಾಫ್ಟಿನ ತೂತಿನಲ್ಲಿರಲಿ. ಹೊರತುದಿಯನ್ನು, ಕಿಕ್ ಒತ್ತುವಾಗ ಶಾಫ್ಟ್ ಯಾವ ಕಡೆ ತಿರುಗುತ್ತದೋ ಅದರ ಎದುರು ದಿಕ್ಕಿಗೆ ನೋಸ್ ಪ್ಲೈಯರ್‌ನಿಂದ ಎಳೆದು ಕೇಸಿನಲ್ಲಿ ಅದರ ಜಾಗಕ್ಕೆ ಸಿಕ್ಕಿಸಿ. ಕನ್ನಡಕ ಹಾಕಿಕೊಳ್ಳಿ, ಸ್ಪ್ರಿಂಗ್ ಜಾರಿದರೆ ಮುಖಕ್ಕೇ ಬರುತ್ತದೆ.

ಕವರ್ ಮುಚ್ಚುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಶಾಫ್ಟಿಗೆ ಕಿಕ್ಕರ್ ಸಿಕ್ಕಿಸಿ ಕೈಯಿಂದ ನಿಧಾನವಾಗಿ ಒತ್ತಿ ನೋಡಿ. ಶಾಫ್ಟಿನ ಹೊರತುದಿಗೆ ಆಸರೆ ಕವರ್‌ನಲ್ಲಿ ಇರುವುದರಿಂದ ಇನ್ನೊಂದು ಕೈಯಲ್ಲಿ ಅದನ್ನು ನೇರವಾಗಿ ಹಿಡಿಯಿರಿ. ಗೇರ್ ಜಾರಿ ಕಚ್ಚುವುದು, ಬಿಟ್ಟಾಗ ಪೂರ್ತಿ ಹಿಂದೆ ಸರಿಯುವುದು, ಎರಡೂ ಕಣ್ಣಿಗೆ ಕಾಣಬೇಕು.

ಪ್ರಶ್ನೆ ಕೇಳಿದವರು:
ಸರ್, ಇವತ್ತು ಬಿಚ್ಚಿದೆ. ನೀವು ಹೇಳಿದ್ದೇ ಆಗಿತ್ತು. ಬಾಲ ತೋಡಿನ ಪಕ್ಕದಲ್ಲಿ ಒರಗಿತ್ತು, ಕೇಸಿನ ಮೇಲೆ ಹೊಸ ಗೀರು ಬಿದ್ದಿದೆ. ಅರ್ಧದಲ್ಲಿ ಹಿಡಿಯುತ್ತಿದ್ದುದು ಅದು ಎಲ್ಲೋ ತಗುಲಿದಾಗ ಇರಬೇಕು. ಕ್ಲಿಪ್ ಬಿಗಿಯಾಗಿಯೇ ಇದೆ. ಸರಿ ಮಾಡಿ ಕವರ್ ಇಲ್ಲದೆ ಇಪ್ಪತ್ತು ಸಲ ಒತ್ತಿ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಮುಚ್ಚಿದ ಮೇಲೆ ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಅಪ್ಪ ಒಳಗಿನಿಂದ ಸದ್ದು ಕೇಳಿ ಎದ್ದು ಬಂದರು. ತುಂಬಾ ಥ್ಯಾಂಕ್ಸ್ ಸರ್.

ಉತ್ತರ 2:
ತುಂಬಾ ಸಂತೋಷವಾಯಿತು. ಆದರೆ ಆಯಿಲ್ ಪಂಪಿನ ಗಾಳಿ ತೆಗೆದಿರಾ? ನೀವು ಪೈಪ್ ಕಳಚಿದ್ದಿರಿ. ಒಳಗೆ ಗಾಳಿ ಉಳಿದಿದ್ದರೆ ಟೂಟಿ ಆಯಿಲ್ (2T, ಪೆಟ್ರೋಲ್ ಜೊತೆ ಉರಿಯುವ ಎಂಜಿನ್ ಆಯಿಲ್) ಸಿಲಿಂಡರಿಗೆ ಹೋಗುವುದಿಲ್ಲ, ಪಿಸ್ಟನ್ ಸಿಲಿಂಡರಿನಲ್ಲೇ ಸಿಕ್ಕಿಕೊಳ್ಳುತ್ತದೆ. ತೆಗೆದಿಲ್ಲ ಎಂದರೆ ಗಾಡಿ ಓಡಿಸಬೇಡಿ. ಪಂಪಿನ ಮೇಲಿರುವ ಚಿಕ್ಕ ಸ್ಕ್ರೂ ಬಿಚ್ಚಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಬಿಡಿ. ಸ್ಕ್ರೂ ಕೆಳಗಿನ ವಾಷರ್ ಕಳೆಯದಿರಲಿ. ಮೊದಲ ಒಂದು ಲೀಟರ್ ಪೆಟ್ರೋಲಿಗೆ ಸ್ವಲ್ಪ ಟೂಟಿ ಆಯಿಲ್ ಬೆರೆಸಿಯೇ ಓಡಿಸಿ.