ಅಬ್ಲೇಷನ್ ಆದ ಮೇಲೂ ನಾಡಿ ತಪ್ಪುತ್ತಿದೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ತೊಂದರೆಯಾದ ಏಟ್ರಿಯಲ್ ಫಿಬ್ರಿಲೇಷನ್‌ಗೆಂದು ನಮ್ಮ ತಂದೆಯವರಿಗೆ ಅಬ್ಲೇಷನ್ (ತೊಡೆಸಂದಿಯ ರಕ್ತನಾಳದಿಂದ ತೆಳು ನಳಿಕೆ ತೂರಿಸಿ, ತಪ್ಪು ಬಡಿತ ಹುಟ್ಟಿಸುವ ಹೃದಯದ ಜಾಗಕ್ಕೆ ಸಣ್ಣ ಗಾಯ ಮಾಡಿ ಅದನ್ನು ತಡೆಯುವ ಚಿಕಿತ್ಸೆ) ಮಾಡಿಸಿ 19 ದಿನಗಳಾದವು. ತೊಡೆಸಂದಿಯ ನೀಲಿ ಕಲೆ ಹಳದಿಗೆ ತಿರುಗಿದೆಯಾದರೂ, ಮೊನ್ನೆ ಅಡಿಕೆ ತೋಟದಿಂದ ಏರು ಹತ್ತಿ ಬಂದಾಗ ಅರ್ಧ ಗಂಟೆ ನಾಡಿ ತಪ್ಪಿ ತಪ್ಪಿ ಬಡಿಯಿತು. ಚಿಕಿತ್ಸೆ ವಿಫಲವಾಯಿತೆಂದು ತಿಳಿಯಬೇಕೆ? ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕಾಲ) ಹತ್ತಿರವಾದ್ದರಿಂದ ಅವರನ್ನು ಮನೆಯಲ್ಲಿ ಕೂರಿಸುವುದೇ ಕಷ್ಟವಾಗಿದೆ.

ಉತ್ತರ (ಸಾಗರ):
ಹಾಗೆ ತಿಳಿಯಬೇಡಿ. ಒಳಗಿನ ಊತ ಇಳಿದು ಗಾಯ ಮಾಗುವವರೆಗೆ, ಅಂದರೆ ಮೊದಲ 2–3 ತಿಂಗಳು, ಇಂಥ ಬಡಿತ ಬಂದುಹೋಗುವುದು ಸಾಮಾನ್ಯವಾದ್ದರಿಂದ ವೈದ್ಯರು ಆ ಅವಧಿಯನ್ನು ನೋಡಿ ಫಲಿತಾಂಶ ತೀರ್ಮಾನಿಸುವುದಿಲ್ಲ. ಆದರೂ ಹೊತ್ತು ಬರೆದಿಟ್ಟು ಅವರಿಗೆ ತಿಳಿಸಿ. ನನಗೆ ಏಳನೆಯ ವಾರದ ನಂತರ ನಿಂತಿತು. ಕೊನೆ ಹೊರುವ ಕೆಲಸ ಈ ಸಲ ಬೇರೆಯವರದಾಗಲಿ.

ಉತ್ತರ (ಶಿವಮೊಗ್ಗ):
ಬಡಿತ ಸರಿಯಾಯಿತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ನಮ್ಮ ಕಡೆ ಕಷಾಯವೂ ಜೊತೆಗೆ ನಡೆಯುವುದರಿಂದ ಅದನ್ನೂ ವೈದ್ಯರಲ್ಲಿ ಕೇಳಿಕೊಳ್ಳಿ. ಒಂದು ಮಾತು ಒತ್ತಿ ಹೇಳುತ್ತೇನೆ: ಕೆಲವು ವಾರಗಳ ನಂತರವೂ ಜ್ವರ, ನುಂಗುವಾಗ ನೋವು ಅಥವಾ ಮಾತು ತೊದಲುವುದು ಕಂಡುಬಂದರೆ, ಹೃದಯದ ಹಿಂದೆಯೇ ಇರುವ ಅನ್ನನಾಳಕ್ಕೆ ಚಿಕಿತ್ಸೆಯ ವೇಳೆ ಪೆಟ್ಟಾಗಿರುವ ಅಪರೂಪದ, ಆದರೆ ಪ್ರಾಣಾಪಾಯದ ಸಾಧ್ಯತೆಯಿರುವುದರಿಂದ, ಶೀತಜ್ವರವೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ಅಬ್ಲೇಷನ್ ಆದ ಸಂಗತಿಯನ್ನು ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾಡಿಯ ಲೆಕ್ಕವನ್ನು ಹಾಲಿನ ಪುಸ್ತಕದ ಹಿಂಬದಿಯಲ್ಲಿ ಬರೆಯತೊಡಗಿದ್ದೇವೆ.