ಪದ ಬೇಕು: ಎಂಪಿಎಲ್‌ಎಸ್‌ನಲ್ಲಿ ಬರುವ 'ಸೆಷನ್' (ತುರ್ತು)

ಬಳಗಕ್ಕೆ ನಮಸ್ಕಾರ. ತರಬೇತಿ ಕೈಪಿಡಿಯೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎಂಪಿಎಲ್‌ಎಸ್ ಅಂದರೆ ಪ್ಯಾಕೆಟ್‌ಗೆ ಲೇಬಲ್ ಅಂಟಿಸಿ ಸಾಗಿಸುವ ಜಾಲ ವಿಧಾನ; ಆ ಲೇಬಲ್‌ಗಳಿಗಾಗಿ ರೂಟರ್‌ಗಳು ಮಾತಾಡಿಕೊಳ್ಳುವ ಎಲ್‌ಡಿಪಿ (ಲೇಬಲ್ ಡಿಸ್ಟ್ರಿಬ್ಯೂಷನ್ ಪ್ರೋಟೊಕಾಲ್) ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ರೂಟರ್‌ಗಳು ಯುಡಿಪಿ ಪೋರ್ಟ್ 646ರಲ್ಲಿ 224.0.0.2ಕ್ಕೆ (ಪಕ್ಕದ ಎಲ್ಲ ರೂಟರ್‌ಗಳ ಗುಂಪು ವಿಳಾಸ) 'ಹಲೋ' ಸಂದೇಶ ಕಳಿಸಿ ಪರಸ್ಪರ ಕಂಡುಕೊಂಡರೆ ಅಡ್ಜೆಸೆನ್ಸಿ. ಆಮೇಲೆ ಟಿಸಿಪಿ 646ರಲ್ಲಿ ಸಂಪರ್ಕವಾಗಿ, ಇನಿಷಿಯಲೈಸೇಷನ್, ಕೀಪ್‌ಅಲೈವ್ ಎಂಬ ಎರಡು ಸಂದೇಶಗಳ ವಿನಿಮಯವೂ ಮುಗಿದರೆ ಸೆಷನ್. ಮೊದಲನೆಯದಕ್ಕೆ 'ನೆರೆತನ' ಎಂದಿಟ್ಟೆ. ಎರಡನೆಯದಕ್ಕೆ? ಕರಡಿನಲ್ಲಿ 'ಲೇಬಲ್ ವಿತರಣಾ ಅಧಿವೇಶನ' ಅಂತಿದೆ, ಓದಿದಾಗೆಲ್ಲ ಬೆಳಗಾವಿಯ ಸುವರ್ಣಸೌಧ ಕಣ್ಣಮುಂದೆ ಬರುತ್ತದೆ.

---

ಮೊದಲು 'ವಿತರಣೆ' ತೆಗೆಯಿರಿ, ಇದೇನು ರೇಷನ್ ಅಂಗಡಿಯೇ? 'ಹಂಚಿಕೆ' ಇದೆಯಲ್ಲ. ಸೆಷನ್‌ಗೆ 'ಒಡನಾಟ', ಪೀರ್‌ಗೆ (ಸೆಷನ್‌ನ ಆ ಕಡೆಯ ರೂಟರ್) 'ಓರಗೆ'. ಓರಗಿತ್ತಿಯಲ್ಲಿರುವುದೂ ಅದೇ ಓರಗೆ. ಒಂದೇ ಮನೆಗೆ ಬಂದ ಸರಿಸಮಾನರು.

---

> ಸರಿಸಮಾನರು

ಓರಗಿತ್ತಿಯರು ಸರಿಸಮಾನರಾಗಿರುವ ಮನೆ ಯಾವೂರಲ್ಲಿದೆ ಸರ್? ರೂಟರ್‌ಗಳಲ್ಲೂ ಇಲ್ಲ. ಟ್ರಾನ್ಸ್‌ಪೋರ್ಟ್ ವಿಳಾಸ (ಟಿಸಿಪಿ ಸಂಪರ್ಕಕ್ಕೆ ಬಳಸುವ ಐಪಿ ವಿಳಾಸ) ಯಾರದು ದೊಡ್ಡದೋ ಅವರೇ ಟಿಸಿಪಿ ಕರೆ ಹಚ್ಚುವುದು. 10.0.0.2 ಕರೆಯುತ್ತದೆ, 10.0.0.1 ಕಾಯುತ್ತಾ ಕೂರುತ್ತದೆ.

'ಹಂಚಿಕೆ'ಯೂ ತಪ್ಪು. ಹಂಚಿದರೆ ಪಾಲಾಗಬೇಕು. ಇಲ್ಲಿ 'ಈ ಪ್ರಿಫಿಕ್ಸ್‌ಗೆ (ವಿಳಾಸಗಳ ಗುಂಪಿಗೆ) ನನ್ನ ಮೂಲಕ ಕಳಿಸುವುದಾದರೆ ಲೇಬಲ್ 24 ಅಂಟಿಸು' ಎಂದು ಪಕ್ಕದವನಿಗೆ ತಿಳಿಸುವುದಷ್ಟೇ.

ಸೆಷನ್ ಅನ್ನು ಸೆಷನ್ ಆಗಿಯೇ ಬಿಡಿ. ರಾತ್ರಿ ಎರಡು ಗಂಟೆಗೆ ನನಗೆ ಬಂದ ಫೋನಿನ ಮಾತು: 'ಸಾರ್, ಹಲೋ ಬರ್ತಿದೆ, ಸೆಷನ್ ಏಳ್ತಿಲ್ಲ.' ಆ ಕಡೆಯ ಲೂಪ್‌ಬ್ಯಾಕ್‌ಗೆ (ರೂಟರ್‌ನ ಒಳಗಿನ ವಿಳಾಸ, ಟಿಸಿಪಿ ಕರೆ ಹೋಗಬೇಕಾದದ್ದು ಅಲ್ಲಿಗೇ) ದಾರಿ ಹುಡುಕುವ ಓಎಸ್‌ಪಿಎಫ್‌ನಲ್ಲಿ ದಾರಿಯೇ ಇರಲಿಲ್ಲ. ನೆರೆತನ ಇತ್ತು, ಸೆಷನ್ ಇರಲಿಲ್ಲ. ಎರಡಕ್ಕೂ ಬೇರೆ ಬೇರೆ ಪದ ಬೇಕಾದದ್ದು ಅದಕ್ಕೇ. 'ಒಡನಾಟ ಕುದುರುತ್ತಿಲ್ಲ' ಅಂದಿದ್ದರೆ ಮನೆ ಜಗಳವೆಂದು ಫೋನ್ ಇಟ್ಟುಬಿಡುತ್ತಿದ್ದೆ.

---

ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಕನ್ನಡದ್ದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

---

'ವಿಭಕ್ತಿ', 'ಪ್ರತ್ಯಯ', 'ಮಾತ್ರ' ಮೂರೂ ಸಂಸ್ಕೃತ. ಸಾಲ ತರುವುದರಲ್ಲಿ ಹಳೇ ಅಂಗಡಿ, ಹೊಸ ಅಂಗಡಿ ಅಷ್ಟೇ ವ್ಯತ್ಯಾಸ.

---

ಸೆಷನ್ ಎಂದೇ ಬಿಟ್ಟೆ, ನೆರೆತನ ಉಳಿಸಿಕೊಂಡೆ. ವಿತರಣೆ, ಹಂಚಿಕೆ ಎರಡನ್ನೂ ಕಿತ್ತುಹಾಕಿ 'ಲೇಬಲ್ ತಿಳಿಸುವ ಸೆಷನ್' ಮಾಡಿದೆ. ಕೊನೆಯದೊಂದು: ಹೋಲ್ಡ್ ಟೈಮ್. ಪಕ್ಕದ ರೂಟರ್‌ನ ಹಲೋ 15 ಸೆಕೆಂಡ್ ಬಾರದಿದ್ದರೆ ನೆರೆತನ ಬೀಳುತ್ತದಲ್ಲ, ಅದು. 'ತಾಳುವ ಹೊತ್ತು' ಆದೀತೇ?

---

ತಾಳುವುದು ನೋವನ್ನು. 'ಕಾಯುವ ಹೊತ್ತು'.