‘ಸೂಪರ್’ ಎಂದವರಿಗೆ ಕಾಫಿ ದಂಡ

ತುಮಕೂರಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದರ ಮೂಲೆಯ ಮೇಜಿಗೆ ಪ್ರತಿ ಭಾನುವಾರ ಬೆಳಿಗ್ಗೆ ಬಂದು ಸೇರುವ ನಾವು ಐವರು, ಇಡ್ಲಿ ಬರುವ ತನಕ ಲೋಕದ ಕುಂದುಗಳನ್ನೂ ಇಡ್ಲಿ ಬಂದ ಮೇಲೆ ಚಟ್ನಿಯ ಕುಂದುಗಳನ್ನೂ ಎಣಿಸುವುದು ವಾಡಿಕೆ. ಕಳೆದ ಭಾನುವಾರ ಈ ಕ್ರಮ ತಪ್ಪಿತು. ನಮ್ಮ ವಕೀಲರು ಕೊಕ್ಕರೆಗಳು ಗೂಡು ಕಟ್ಟಲು ಬರುವ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ತೆಗೆದು ತಂದಿದ್ದ ಬಣ್ಣದ ಕೊಕ್ಕರೆಯ ದೊಡ್ಡ ಚಿತ್ರವೊಂದನ್ನು, ಸಾಂಬಾರಿನ ಬಟ್ಟಲನ್ನು ಜಾಗರೂಕತೆಯಿಂದ ಸರಿಸಿ, ಮೇಜಿನ ಮೇಲೆ ಹರಡಿದರು.

ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರು “ಸೂಪರ್” ಎಂದರು. ನಾನು “ಲೆನ್ಸ್ ಯಾವುದು?” ಎಂದು ಕೇಳಿದೆ. ಸ್ಟುಡಿಯೊ ಯಜಮಾನರು “ಎಲ್ಲಿ ತೆಗೆದದ್ದು?” ಎಂದರು. ಅಲ್ಲಿಗೆ ಕಲಾವಿಮರ್ಶೆ ಮುಗಿದು ಎಲ್ಲರ ಕೈಗಳೂ ಇಡ್ಲಿಯ ಕಡೆಗೆ ಹೊರಟವು. ವಕೀಲರ ಮುಖ, ಹದಿನೈದನೆಯ ಸಲ ವಾಯಿದೆ ಬಿದ್ದ ಕಕ್ಷಿದಾರನ ಮುಖದಂತಾಯಿತು.

“ಮೂರು ಗಂಟೆಗಳ ಕಾಲ ಹುಣಸೆಮರದ ಕೆಳಗೆ ನಿಂತು, ಕೊಕ್ಕರೆಗಳು ಮೇಲಿನಿಂದ ದಯಪಾಲಿಸಿದ್ದನ್ನೆಲ್ಲ ಶಿರಸಾ ವಹಿಸಿ ತೆಗೆದ ಚಿತ್ರವಿದು. ಇದಕ್ಕೆ ಮೂರು ಕ್ಷಣ ನೋಡುವ ಮರ್ಯಾದೆಯೂ ಇಲ್ಲವೆ?” ಎಂದು ಅವರು ನೊಂದು ಕೇಳಿದರು.

ಗಣಿತದ ಮೇಷ್ಟ್ರಿಗೆ ಅನ್ಯಾಯ ಕಂಡೊಡನೆ ನಿಯಮ ಹೊಳೆಯುತ್ತದೆ. ಈ ಚಿತ್ರದ ಮಾತು ಮುಗಿಯುವವರೆಗೆ ‘ಸೂಪರ್’, ‘ಲೆನ್ಸ್’, ‘ಎಲ್ಲಿ’ ಎಂಬ ಮೂರು ಮಾತುಗಳು ನಿಷಿದ್ಧವೆಂದೂ, ಆಡಿದವರು ಐವರಿಗೂ ಕಾಫಿ ಕೊಡಿಸತಕ್ಕದ್ದೆಂದೂ ಅವರು ಸಾರಿದರು. ಆಮೇಲೆ ಉಂಟಾದ ಮೌನವನ್ನು ನಾನು ಶ್ರಾದ್ಧದ ಮನೆಯಲ್ಲಿಯೂ ಕಂಡಿಲ್ಲ. ದಿನಕ್ಕೆ ನೂರು ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವ ನಮ್ಮ ಬಳಿ, ಆ ಮೂರು ಮಾತುಗಳನ್ನು ಕಿತ್ತುಕೊಂಡರೆ, ನಾಲ್ಕನೆಯದೊಂದು ಇರಲೇ ಇಲ್ಲ.

ಕೊನೆಗೆ ಬ್ಯಾಂಕಿನವರು, ಕ್ಯಾಮೆರಾ ಎಂಬುದು ಯಂತ್ರ, ಗುಂಡಿ ಒತ್ತುವುದು ಬೆರಳು, ಇದರಲ್ಲಿ ಕಲೆ ಯಾವ ಖಾತೆಗೆ ಜಮೆಯಾಗುತ್ತದೆ ಎಂದು ತಕರಾರು ತೆಗೆದರು. ಮೇಷ್ಟ್ರು ಹಿಗ್ಗಿದರು. “ನಿಮ್ಮ ತಕರಾರು ಬಹಳ ಹಳೆಯದು. 1859ರಲ್ಲಿಯೇ ಫ್ರಾನ್ಸಿನ ಕವಿ ಬೋದಿಲೇರ್, ಛಾಯಾಗ್ರಹಣವು ವಿಜ್ಞಾನಕ್ಕೂ ಕಲೆಗೂ ದಾಸಿಯಾಗಿರಲಿ, ಕಲೆಯ ಪೀಠ ಏರದಿರಲಿ ಎಂದು ಬರೆದಿದ್ದಾನೆ. ಆದರೆ 1902ರಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಸ್ಟೀಗ್ಲಿಟ್ಜ್, ಇದೂ ಕಲೆಯೇ ಎಂದು ಸಾಧಿಸುವುದಕ್ಕಾಗಿ ಒಂದು ಬಳಗವನ್ನೇ ಕಟ್ಟಿದನು. ನೀವು ಮಹಾಕವಿಯ ಪಕ್ಷದಲ್ಲಿದ್ದೀರಿ, ಆದರೆ ಆ ಪಕ್ಷ ಸೋತು ಬಹಳ ಕಾಲವಾಯಿತು” ಎಂದರು. ಬ್ಯಾಂಕಿನವರು ಮಾತಿನ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು, ಸಂತೋಷದಿಂದ ಇನ್ನೊಂದು ಇಡ್ಲಿಗೆ ಹೇಳಿದರು.

“ಹಾರ್ಮೋನಿಯಂ ಯಂತ್ರವಲ್ಲವೆ? ಇಲ್ಲೇ ಪಕ್ಕದ ಗುಬ್ಬಿಯ ವೀರಣ್ಣನವರ ನಾಟಕ ನೋಡಿ ಬಂದವರು ಕಲೆಯನ್ನು ಪೆಟ್ಟಿಗೆಯ ಖಾತೆಗೆ ಹಾಕಿದರೋ, ಅದನ್ನು ನುಡಿಸಿದ ಮೇಷ್ಟ್ರ ಬೆರಳಿನ ಖಾತೆಗೋ?” ಎಂದು ವಕೀಲರು ಪಾಟೀಸವಾಲು ಹಾಕಿದರು.

ಯಂತ್ರವು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬುದೇ ಭ್ರಮೆ ಎಂದು ಮೇಷ್ಟ್ರು ಮುಂದುವರಿಸಿದರು. 1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಗೇರ್ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದನ್ನು ಚಿತ್ರಿಸಿದಾಗ, ಕ್ಯಾಮೆರಾದೊಳಗಿನ ತಟ್ಟೆಯ ಮೇಲೆ ಬೆಳಕು ಮೂಡಲು ಕೆಲವು ನಿಮಿಷಗಳೇ ಬೇಕಾಗಿದ್ದುದರಿಂದ, ಓಡಾಡುತ್ತಿದ್ದ ಬಂಡಿಗಳೂ ಜನರೂ ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಅಲುಗಾಡದೆ ನಿಂತಿದ್ದವನೂ ಪಾಲಿಶ್ ಮಾಡುವವನೂ ಮಾತ್ರ ಉಳಿದರಂತೆ. ನಮ್ಮ ಬಿ.ಎಚ್. ರಸ್ತೆಯಲ್ಲಿ ಸಂಜೆ ಆರಕ್ಕೆ ಅದೇ ಕ್ಯಾಮೆರಾ ಇಟ್ಟಿದ್ದರೆ ಒಬ್ಬರೂ ತಪ್ಪದೆ ಮೂಡುತ್ತಿದ್ದರು, ಅಲ್ಲಿ ಯಾರು ತಾನೆ ಅಲುಗುತ್ತಾರೆ ಎಂದೆ. ಯಾರೂ ನಗಲಿಲ್ಲ. ಎಲ್ಲರೂ ಆ ರಸ್ತೆಯಿಂದಲೇ ಬಂದಿದ್ದರು.

ಅಷ್ಟು ಹೊತ್ತೂ ಸುಮ್ಮನಿದ್ದ ಸ್ಟುಡಿಯೊ ಯಜಮಾನರು ಆಗ ಬಾಯಿ ತೆರೆದರು. ಮದುವೆಯ ಆಲ್ಬಮ್ಮಿನಲ್ಲಿ ವಧೂವರರನ್ನು ಜಲಪಾತದ ಮೇಲೂ ಗುಲಾಬಿ ಹೂವಿನೊಳಗೂ ಕೂರಿಸುವ ಇವರನ್ನು ಕಲೆಯ ವಿಚಾರದಲ್ಲಿ ಕೇಳಬೇಕೆಂದು ನಮಗೆ ಎಂದೂ ತೋರಿರಲಿಲ್ಲ. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ಚಿತ್ರವನ್ನು ಹಿಗ್ಗಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ, ತೀರಾ ಕಪ್ಪಾಗಲಿರುವ ಮುಖಕ್ಕೆ ಅಂಗೈಯ ನೆರಳು ಹಿಡಿಯಬೇಕು, ಬೆಳ್ಳಗೆ ಕರಗಿಹೋಗುವ ಆಕಾಶಕ್ಕೆ ಇನ್ನಷ್ಟು ಹೊತ್ತು ಬೆಳಕು ಕುಡಿಸಬೇಕು, ನೆರಳಿನ ಅಂಚು ಮೂಡದಂತೆ ಕೈಯನ್ನು ಆಡಿಸುತ್ತಲೇ ಇರಬೇಕು ಎಂದು ಅವರು ಇಡ್ಲಿಯ ತಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದರು. ಒಂದೇ ನೆಗೆಟಿವ್‌ನಿಂದ ಎರಡು ದಿನ ಎರಡು ಬೇರೆ ಮುಖಗಳು ಬರುತ್ತಿದ್ದವಂತೆ. ಊಟದ ಕೈಯಲ್ಲೂ ಚಿತ್ರ ಅದ್ದುವ ಹೈಪೊ ದ್ರಾವಣದ ವಾಸನೆ ಇರುತ್ತಿತ್ತೆಂದು ಹೇಳುವಾಗ ಅವರ ದನಿಯಲ್ಲಿದ್ದದ್ದು ದೂರಲ್ಲ, ಹೆಮ್ಮೆ.

ಆಮೇಲೆ ಕೊಕ್ಕರೆಯತ್ತ ತಿರುಗಿ, “ಒಂದೊಂದು ಗರಿಯೂ ಸ್ಪಷ್ಟವಾಗಿದೆ. ಆದರೆ ನಡುಹಗಲಿನ ಬಿಸಿಲು ಕೊಕ್ಕಿನ ಕೆಳಗೆ ಮಸಿ ಬಳಿದಿದೆ. ಮರವಿಲ್ಲ, ಗೂಡಿಲ್ಲ, ಊರಿಲ್ಲ. ಈ ಹಕ್ಕಿ ಮೃಗಾಲಯದ್ದಾದರೂ ಚಿತ್ರ ಹೀಗೆಯೇ ಇರುತ್ತಿತ್ತು” ಎಂದರು.

“ಆದ್ದರಿಂದಲೇ ನಾವು ‘ಎಲ್ಲಿ’ ಎಂದು ಕೇಳುತ್ತೇವೆ. ಚಿತ್ರ ತಾನೇ ಹೇಳಿದ್ದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ!” ಎಂದು ಮೇಷ್ಟ್ರು ಮೇಜು ಕುಟ್ಟಿದರು. ಮಾತು ಘನವಾಗಿತ್ತು, ಆದರೆ ನಿಷಿದ್ಧ ಪದವಿತ್ತು. ಮೊದಲ ದಂಡ ನಿಯಮ ಮಾಡಿದವರ ತಲೆಗೇ ಬಿತ್ತು.

ವಕೀಲರ ಜೊತೆಗೆ ಕಗ್ಗಲಡುವಿಗೆ ಹೋಗಿದ್ದ ಬ್ಯಾಂಕಿನವರು, ತಾವೂ ಒಂದನ್ನು ಒತ್ತಿದ್ದುಂಟು ಎಂದು ಸಂಕೋಚದಿಂದ ಮೊಬೈಲು ಚಾಚಿದರು. ಹೆಂಚಿನ ಮನೆಯ ಮುಂದೆ ಒಬ್ಬ ಅಜ್ಜಿ, ಬಲಗೈಯನ್ನು ಅರ್ಧಕ್ಕೆ ಎತ್ತಿ, ಮೇಲೆ ನೋಡುತ್ತಿದ್ದಾಳೆ. ಹೆಂಚಿನ ಮೇಲೆ ಬಿಳಿಯ ಹಿಕ್ಕೆಗಳು. ಅಂಚಿನಲ್ಲಿ ಒಂದು ರೆಕ್ಕೆ ಮಾತ್ರ. ಕೊಕ್ಕರೆಯೇ ಇಲ್ಲ, ಆದರೂ ಕೊಕ್ಕರೆಗಳ ಊರೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾಲಿಗೆ ಸಡಿಲವಾಗಿದ್ದ ನಾವು ಈಗ ಪೈಪೋಟಿಗೆ ಬಿದ್ದೆವು. ತವರಿಗೆ ಬಂದ ಹೆಣ್ಣುಮಕ್ಕಳನ್ನು ಕಾಣುವ ತಾಯಿಯ ನೋಟವಿದು ಎಂದರು ಮೇಷ್ಟ್ರು. ಮುಖದ ಮೇಲೆ ಬಿದ್ದ ಸಂಜೆಯ ಓರೆ ಬೆಳಕನ್ನು ಸ್ಟುಡಿಯೊದವರು ಕೊಂಡಾಡಿದರು. ನಾನು, 1932ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಕಾರ್ತಿಯೆ ಬ್ರೆಸೋನ್ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ, ನೀರಿನ ಮೇಲೆ ಜಿಗಿದವನ ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕೆನ್ನುವಾಗ ಹಿಡಿದ ಚಿತ್ರವನ್ನು ನೆನಪಿಸಿ, ಅಜ್ಜಿಯ ಆ ಅರ್ಧ ಎತ್ತಿದ ಕೈ ಅಂಥದ್ದೇ ಕ್ಷಣವೆಂದು ಸಾಕಷ್ಟು ಜಂಬದಿಂದ ಹೇಳಿದೆ. ವಕೀಲರು ಮಾತ್ರ ಯಾಕೋ ಚಟ್ನಿಯನ್ನೇ ನೋಡುತ್ತಿದ್ದರು.

“ಅಜ್ಜಿ ನೋಡುತ್ತಿರುವುದು ಕೊಕ್ಕರೆಯನ್ನಲ್ಲ. ಮರಿಗಳು ಬೆದರುತ್ತವೆ, ಇಳಿಯಪ್ಪ ಎಂದು ಬೈಯುತ್ತಿದ್ದಾಳೆ” ಎಂದು ಬ್ಯಾಂಕಿನವರು ಮುಂದಿನ ಚಿತ್ರಕ್ಕೆ ಬೆರಳು ಸರಿಸಿದರು. ಅದರಲ್ಲಿ ಹಿತ್ತಲಿನ ಗೋಡೆಯ ಮೇಲೆ ನಮ್ಮ ವಕೀಲರು, ಭುಜದ ಮೇಲೆ ಕೊಕ್ಕರೆಗಳ ಆಶೀರ್ವಾದ ಹೊತ್ತು, ಉದ್ದನೆಯ ಕ್ಯಾಮೆರಾ ಹಿಡಿದು, ಒಂಟಿಕಾಲಿನಲ್ಲಿ ಸಾಕ್ಷಾತ್ ಬಕಪಕ್ಷಿಯಂತೆ ನಿಂತಿದ್ದರು.

“ಸೂಪರ್!” ಎಂದು ಐದು ಕಂಠಗಳು ಒಟ್ಟಿಗೇ ಕೂಗಿದವು, ಅವುಗಳಲ್ಲಿ ಒಂದು ವಕೀಲರದೇ. ಆಗಿನಿಂದ ಲೆಕ್ಕವಿಟ್ಟುಕೊಂಡು ನಿಂತಿದ್ದ ಸಪ್ಲೈಯರ್ ಹುಡುಗ, ಮೇಷ್ಟ್ರ ಹಳೆಯ ಬಾಕಿಯನ್ನೂ ಸೇರಿಸಿ, ಮೂಲೆಯ ಮೇಜಿಗೆ 30 ಕಾಫಿ ಎಂದು ಅಡುಗೆಮನೆಯ ಕಡೆಗೆ ಕೂಗಿಯೇಬಿಟ್ಟನು.